ಮೂರು ವರ್ಷ ರೊಕ್ಕ ಕೊಟ್ಟು ಚರ್ಚೆ ಕೇಳೀನಿ, ಒಬ್ಬ ಟೇಲರ್ ರಿವ್ಯೂ

ಹುಬ್ಬಳ್ಳಿ ದುರ್ಗದಬೈಲ್ ಹತ್ರ ನಂದೊಂದು ಸಣ್ಣ ಟೇಲರಿಂಗ್ ಅಂಗಡಿ ಐತಿ. 2022ರ ದೀಪಾವಳಿ ಗದ್ದಲದಾಗ, ದಿನಾ ರಾತ್ರಿ ಹನ್ನೊಂದರ ತನಕ ಮಷೀನ್ ಮುಂದ ಕೂಡೋ ಟೈಮಿನ್ಯಾಗ, ಒಂದು ಸ್ವತಂತ್ರ ಕನ್ನಡ ಚಾನೆಲ್ಲಿನ ಮೆಂಬರ್‌ಶಿಪ್ ತಗೊಂಡೆ. ತಿಂಗಳಿಗೆ 149 ರೂಪಾಯಿ. ರಾಜಕೀಯ, ಜಾತಿ, ಕೂಲಿ, ರೈತರು, ಇಂಥಾದ್ರ ಮ್ಯಾಲೆ ತಾಸುಗಟ್ಲೆ ಚರ್ಚೆ, ನಡಕ ಆ್ಯಡ್ ಇಲ್ಲ. ಹೆಸರು ಬರ್ಯಂಗಿಲ್ಲರಿ, ಕೆಳಗ ಬೈಯೂದೂ ಐತಿ, ಅವ್ರೂ ನನ್ನಂಗ ಸಣ್ಣ ಅಂಗಡಿ ಇಟ್ಕೊಂಡೋರು.

ಟೀವಿ ಪುಕ್ಕಟ ಐತಲ್ಲೋ, ಇದಕ್ಯಾಕ ರೊಕ್ಕ ಹಾಕ್ತಿ ಅಂತ ಗೆಳ್ಯಾರು ನಗ್ತಾರ. ನಂಗ ಕೆಲಸ ಕಲಿಸಿದ ಉಸ್ತಾದ್ ವಾರಾವಾರಾ ಲಂಕೇಶ್ ಪತ್ರಿಕೆ ತರ್ತಿದ್ರು, 1980ರಾಗ ಶುರುವಾದದ್ದು, ಜಾಹೀರಾತ ಹಾಕ್ತಿರಲಿಲ್ಲ, ಓದೋರ ರೊಕ್ಕದ ಮ್ಯಾಲೇ ನಡೀತಿತ್ತು. "ರೊಕ್ಕ ಕೊಟ್ಟವನ ಅಳತಿಗೇ ಅಂಗಿ ಹೊಲಿಯೂದು, ಪೇಪರೂ ಹಂಗ" ಅಂತಿದ್ರು ಅವ್ರು. ಆ ಮಾತು ತಲ್ಯಾಗಿತ್ತು, ಕೊಟ್ಟೆ.

ಮೊದಲು ಚಲೋದು ಹೇಳ್ತೀನಿ. ಬರೇ ಆಡಿಯೋ ಹಚ್ಚಿ ಸ್ಕ್ರೀನ್ ಬಂದ್ ಮಾಡಿದ್ರೂ ನಡೀತೈತಿ, ಕಟಿಂಗ್ ಮಾಡ್ಕೋತ ಕೇಳೋ ನಮ್ಮಂಥೋರಿಗೆ ಇದು ದೊಡ್ಡ ವಿಷಯ. ಒಬ್ಬರ ಮಾತು ಮುಗಿಯೋ ತನಕ ಇನ್ನೊಬ್ರು ಸುಮ್ನ ಇರ್ತಾರ, ಒದರಾಟ ಇಲ್ಲ. 2024ರ ಮಾರ್ಚ್ 11ಕ್ಕ ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ರೇಟ್ ಬಿದ್ದು ರೈತರು ಎಪಿಎಂಸಿ ಗಾಡಿಗೆ ಬೆಂಕಿ ಹಚ್ಚಿದ್ರಲ್ಲ, ಆವಾಗ ಟೀವಿಯಾಗ ದಿನಪೂರ್ತಿ ಬರೇ ಬೆಂಕಿ ನೋಡಿದ್ದೇ ಬಂತು. ಇವ್ರು ಎರಡು ವಾರ ತಡಮಾಡಿ ಮಾಡಿದ್ರು, ಆದ್ರ ಟೆಂಡರ್ ಹೆಂಗ ಆಗತೈತಿ, ಕಡ್ಡಿ, ಡಬ್ಬಿ, ಗುಂಟೂರು ಅಂತ ಮೂರು ತರದ ಕಾಯಿಗೂ ರೇಟ್ ಯಾಕ ಬ್ಯಾರೆ ಬ್ಯಾರೆ, ಕಾಯಿ ಹಸಿ ಇದ್ರ ಏನಾಗತೈತಿ, ಕೋಲ್ಡ್ ಸ್ಟೋರೇಜ್‌ನ್ಯಾಗ ಇಟ್ಟು ಕಾಯೋ ತಾಕತ್ತು ಯಾರಿಗೈತಿ ಯಾರಿಗಿಲ್ಲ ಅಂತ ಬಿಡಿಸಿ ಹೇಳಿದ್ರು. ಹಾವೇರಿ ಕಡೆ ಬೀಗರು ಮನ್ಯಾಗ ಕುಂತು ಹೇಳೋದೂ ಇದಕ್ಕ ತಾಳೆ ಆತು.

ನಂಗ ಇವತ್ತಿಗೂ ನೆನಪಿರೋದು ಅಸಮಾನತೆ ಮ್ಯಾಲಿನ ಎಪಿಸೋಡ್. ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್‌ನವರು 2024ರಾಗ ಕೊಟ್ಟ ಲೆಕ್ಕ: 2022-23ರಾಗ ದೇಶದ ಆಸ್ತಿಯೊಳಗ ಮ್ಯಾಲಿನ ನೂರಕ್ಕ ಒಬ್ಬರ ಕೈಯಾಗ 40.1 ಪರ್ಸೆಂಟ್, ಕೆಳಗಿನ ಅರ್ಧ ಮಂದಿ ಕೈಯಾಗ 6.4. ಇವೆಲ್ಲ ಒಂದು ಕಿವ್ಯಾಗ ಬಂದು ಇನ್ನೊಂದ್ರಾಗ ಹೋಗತಾವ, ಅವತ್ತ ಮಾತ್ರ ಟೇಬಲ್ ಮ್ಯಾಲೆ ಪ್ಲೇನ್ ಬಿಳಿ ಥಾನ್ ಬಿಚ್ಚಿತ್ತು, ಟೇಪ್ ಕೊಳ್ಳಾಗಿತ್ತು, ಹಂಗ ಲೆಕ್ಕ ಹಾಕಿದೆ. ನೂರು ಮೀಟರ್ ಬಟ್ಟಿ, ನೂರು ಮಂದಿ. ಒಬ್ಬಾಂವ ನಲವತ್ತು ಮೀಟರ್ ಒಯ್ದ. ಐವತ್ತು ಮಂದಿಗೆ ಆರೂವರಿ ಮೀಟರ್ ಸೈತ ಇಲ್ಲ, ತಲಿಗೆ ಐದು ಇಂಚು. ಐದು ಇಂಚಿನ್ಯಾಗ ಒಂದು ಕಾಲರ್ ಬರ್ತೈತಿ, ಭಾಳಂದ್ರ ಜೊತಿಗೊಂದು ಕಫ್. ಅಂಗಿ ಎಲ್ಲಿಂದ ತರೂದು.

ಈಗ ಬೈಯೂದು. ಇವರ ಕರ್ನಾಟಕ ಅಂದ್ರ ಬೆಂಗಳೂರು, ತುಮಕೂರು ದಾಟಿದ್ರ ನಕಾಶೆ ಮಸಕು. ಮಹಾದಾಯಿ ಎಪಿಸೋಡಿನ್ಯಾಗ ನೀರಿನ ಲೆಕ್ಕ ಬರೋಬ್ಬರಿ ಹೇಳಿದ್ರು, 2018ರ ಟ್ರಿಬ್ಯೂನಲ್ ತೀರ್ಪಿನ್ಯಾಗ ನಮ್ಮ ರಾಜ್ಯಕ್ಕ 13.42 ಟಿಎಂಸಿ, ಅದರಾಗ ಕಳಸಾ 1.72 ಬಂಡೂರಿ 2.18 ಕೂಡಿ ಮಲಪ್ರಭಾಕ್ಕ ಬರೋದು 3.9 ಅಷ್ಟ, 8.02 ಹೋಗೋದು ಕರೆಂಟಿಗೆ. ಎಲ್ಲಾ ಹೇಳಿ ಕಡೀಕ "ಗದಗ ಜಿಲ್ಲೆಯ ನವಲಗುಂದ" ಅಂದ್ರು ನೋಡ್ರಿ! ನಮ್ಮಪ್ಪ ನವಲಗುಂದ ಕಡಿಯಾಂವ, 1980ರ ಜುಲೈ 21ಕ್ಕ ರೈತರ ಮ್ಯಾಲೆ ಆದ ಗೋಲಿಬಾರ್ ಕತಿ ಕೇಳ್ಕೋತ ಬೆಳದಾಂವ ನಾ, ಗದಗಿನ್ಯಾಗ ಇರೋದು ನರಗುಂದ, ನವಲಗುಂದ ಧಾರವಾಡ ಜಿಲ್ಲೆ. ಮೆಸೇಜ್ ಹಾಕಿದೆ. ಮೂರು ವಾರಕ್ಕ ಕೆಳಗ ಸಣ್ಣ ಅಕ್ಷರದಾಗ ತಿದ್ದುಪಡಿ ಬಂತು, ಬಂತಲ್ಲ ಅನ್ನೋದ ಸಮಾಧಾನ, ಟೀವಿಯವ್ರು ಅಷ್ಟೂ ಮಾಡಂಗಿಲ್ಲ.

ಇದಕ್ಕಿಂತ ದೊಡ್ಡ ತಕರಾರು ನಂದಲ್ಲ, ನಮ್ಮ ಅಂಗಡಿಗೆ ಕಾಜಾ ಗುಂಡಿ ಮಾಡಾಕ ಕುಂದಗೋಳದಿಂದ ಬರೋ ಅಕ್ಕಾರದು. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಶುರುವಾದಾಗಿಂದ ಅವ್ರಿಗೆ ಬಸ್ ಚಾರ್ಜ್ ಉಳದೈತಿ, ಅದಕ್ಕೂ ಮೊದಲು ಸಂಜಿಮುಂದ ನನ್ನ ಕಡೆ ಪಗಾರ ಇಸ್ಕೊಂಡು ಮೊದಲು ಬಸ್ಸಿನ ಚಿಲ್ಲರೆ ಬ್ಯಾರೆ ತಗದು ಸೆರಗಿನ ತುದಿಗೆ ಗಂಟು ಹಾಕೋರು. ಆ ಗ್ಯಾರಂಟಿ ಚರ್ಚೆ ನಡದಿತ್ತು, ಒಂದು ತಾಸು ನಲವತ್ತು ನಿಮಿಷ, ನಾಲ್ಕು ಮಂದಿ ಗಂಡಸರು, ಬಿಟ್ಟಿ ಭಾಗ್ಯ ಅಂತ ಒಬ್ರು, ಅಲ್ಲ ಹಕ್ಕು ಅಂತ ಮೂವರು. ಪರವಾಗಿ ಮಾತಾಡಿದೋರೂ ಹೆಣ್ಮಕ್ಕಳು ಅಂದ್ರ ಎಲ್ಲೋ ದೂರ ಇರೋ ಮಂದಿ ಅನ್ನೋಹಂಗ. ಅಕ್ಕಾರು ಸೂಜಿಗೆ ದಾರ ಪೋಣಿಸ್ಕೋತ, "ಈ ನಾಕೂ ಮಂದಿ ಎಂದರ ಬಸ್ಸ ಹತ್ತ್ಯಾರೇನ ತಮ್ಮಾ?" ಅಂದ್ರು. ನಾ ನಕ್ಕೆ, ಅವ್ರು ನಗಲಿಲ್ಲ. ಆಮ್ಯಾಲೆ ನಾ ಹಿಂದಿನ ಎಪಿಸೋಡ್ ಲಿಸ್ಟ್ ತಗದು ನೋಡಿದ್ರ, ಕೂಲಿ ಬಗ್ಗೆ ಇರೋದ್ರಾಗ ಕೂಲಿಯವ್ರು ಮಾತಾಡಿದ್ದು ಸಿಗಲೇ ಇಲ್ಲ. ಬ್ಯಾಡಗಿ ಎಪಿಸೋಡಿನ್ಯಾಗೂ ರೈತ ಅಂತ ಒಬ್ಬಾಂವ ಇರಲಿಲ್ಲ, ಅವತ್ತ ನಂಗ ಅದು ಹೊಳದೇ ಇರಲಿಲ್ಲ. ತಿಂಗಳಿಗೊಮ್ಮೆ ಮೆಂಬರ್ಸ್ ಮೀಟಿಂಗ್ ಇರ್ತೈತಿ, ಆನ್‌ಲೈನ್, ಯಾವಾಗ ಅಂದ್ರ ರವಿವಾರ ಸಂಜಿ ಏಳಕ್ಕ. ನಮ್ಮ ಅಂಗಡಿ ತುಂಬಿರೋ ಹೊತ್ತದು. ಹೇಳೋದನ್ನ ಎಲ್ಲಿ ಹೇಳೂದು?

ರೊಕ್ಕದ ವಿಷಯಕ್ಕೂ ಒಂದು ಮಾತು. ಹೋದ ವರ್ಷ ಜೂನ್ ಯೂನಿಫಾರ್ಮ್ ಸೀಸನ್ನಿನ್ಯಾಗ ಕೇಳಾಕ ಟೈಮ್ ಇಲ್ಲಂತ ಕ್ಯಾನ್ಸಲ್ ಮಾಡಿದ್ದೆ, ಮತ್ತ ಎರಡು ತಿಂಗಳು ರೊಕ್ಕ ಕಟ್ ಆತು. ಕಟ್ ಆಗೋ ಹಿಂದಿನ ದಿನ ಬ್ಯಾಂಕಿಂದ ಮೆಸೇಜ್ ಬರ್ತೈತಿ, ಅದು ರಿಸರ್ವ್ ಬ್ಯಾಂಕ್ ರೂಲು, ಆದ್ರ ಗದ್ದಲದಾಗ ನಾ ನೋಡಿಲ್ಲ, ನಂದೂ ತಪ್ಪೈತಿ. ಕನ್ನಡದಾಗ ಮೇಲ್ ಹಾಕಿದ್ರ ಕನ್ನಡ ಚಾನೆಲ್ಲಿನವ್ರು ಇಂಗ್ಲಿಷಿನ್ಯಾಗ ಉತ್ತರ ಕೊಟ್ರು, ಒಂದು ತಿಂಗಳದು ವಾಪಸ್ ಬಂತು, ಇನ್ನೊಂದು ಹೋತು.

ದೀಪಾವಳಿಗೆ ಮತ್ತ ಚಾಲೂ ಮಾಡೀನಿ. ಐದಕ್ಕ ಮೂರು ಸ್ಟಾರ್. ತಗೊಳ್ಳೋರು ವರ್ಷದ ಪ್ಲ್ಯಾನ್ ತಗೋಬ್ಯಾಡ್ರಿ, ತಿಂಗಳದ್ದು ತಗೋರಿ, ಮತ್ತ ಕ್ಯಾನ್ಸಲ್ ಮಾಡಿದ್ರ ಬ್ಯಾಂಕ್ ಆ್ಯಪಿನ್ಯಾಗ ಆಟೋಪೇ ಸೈತ ಬಂದ್ ಮಾಡ್ರಿ. ಅಕ್ಕಾರ ಪ್ರಶ್ನೆ ಇದ್ದದ್ದು ಇದ್ದಂಗ ಬರದು ಚಾನೆಲ್ಲಿನವ್ರಿಗೆ ಕಳಿಸೀನಿ, ಉತ್ತರ ಬಂದ್ರ ಇಲ್ಲೇ ಕೆಳಗ ಹಾಕ್ತೀನಿ.