‘ಚೆಕ್ ಲೈಟ್ ಬರಂಗಿಲ್ರೀ’ ಅಂದರೆ ಆ ಗ್ಯಾರೇಜಿನಿಂದ ಎದ್ದು ಬನ್ನಿ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೇ ಪೆಟ್ರೋಲ್ ಕಾರಿಗೆ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಜಾಸ್ತಿ ಗಾಳಿ ತಳ್ಳುವ ಯಂತ್ರ) ಹಾಕಿಸಬೇಕು ಅಂತ ಯಾರಾದರೂ ಓಡಾಡುತ್ತಿದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ. ನನ್ನ 1.3 ಲೀಟರ್ ಸ್ವಿಫ್ಟ್‌ನ ಒಂದು ಪಿಸ್ಟನ್ ಒಡೆದಿದೆ. ಮಾಡಿಕೊಟ್ಟ ಗ್ಯಾರೇಜಿನ ಹೆಸರು ಹೇಳುವುದಿಲ್ಲ. ಅವರು ಮಾಡಿದ ಕೆಲಸದ ಗುರುತು ಹೇಳುತ್ತೇನೆ. ಅದೇ ಗುರುತು ಬೇರೆ ಕಡೆ ಕಂಡರೂ ದೂರ ಇರಿ.

ಸೂಪರ್‌ಚಾರ್ಜರ್ ಕೂರಿಸುವುದು ದೊಡ್ಡ ವಿದ್ಯೆ ಏನಲ್ಲ. ಬ್ರಾಕೆಟ್ ಮಾಡಬೇಕು, ಪುಲ್ಲಿಗಳನ್ನು ಒಂದೇ ಸಾಲಿಗೆ ತರಬೇಕು, ಸರಿಯಾದ ಉದ್ದದ ಬೆಲ್ಟ್ ಹುಡುಕಬೇಕು. ಗೋಕುಲ ರೋಡ್ ಕಡೆಯ ಲೇತ್ ಅಂಗಡಿಗಳಲ್ಲಿ ಇದಕ್ಕಿಂತ ನಾಜೂಕಿನ ಕೆಲಸ ದಿನಾ ನಡೆಯುತ್ತದೆ. ನನ್ನ ಕಾರಿಗೆ ಹಾಕಿದ್ದು ಸೆಕೆಂಡ್ ಹ್ಯಾಂಡ್ ಈಟನ್ ಎಂ45. ಹಳೇ ಮಿನಿ ಕೂಪರ್ ಎಸ್‌ನಲ್ಲಿ ಬರುತ್ತಿತ್ತಲ್ಲ, ಅದೇ. ಅದು ಒಂದು ಸುತ್ತಿಗೆ ಸುಮಾರು 0.74 ಲೀಟರ್ ಗಾಳಿ ತಳ್ಳುತ್ತದೆ. 1.3 ಲೀಟರ್ ಎಂಜಿನ್ ಒಂದು ಸುತ್ತಿಗೆ ಎಳೆಯುವುದು ಅದರ ಅರ್ಧ, 0.65 ಲೀಟರ್. ಪುಲ್ಲಿಯಿಂದ ಸೂಪರ್‌ಚಾರ್ಜರನ್ನು ಎಂಜಿನ್‌ಗಿಂತ ಸ್ವಲ್ಪ ಜೋರಾಗಿ ತಿರುಗಿಸಿದರೆ 0.4 ಬಾರ್ ಆಸುಪಾಸು ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ, ಬರುತ್ತದೆ. ನನಗೂ ಅಷ್ಟೇ ಬಂತು. ಕಬ್ಬಿಣದ ಕೆಲಸದಲ್ಲಿ ನನಗೆ ಇವತ್ತಿಗೂ ದೂರಿಲ್ಲ.

ಕೆಟ್ಟಿದ್ದು ಪೆಟ್ರೋಲಿನ ಲೆಕ್ಕ.

ಕೊಡುವಾಗಲೇ ಕೇಳಿದ್ದೆ: ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ನಳಿಕೆ) ಬದಲಿಸಿದ್ದೀರಾ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನ್ ಮಾಡಿದ್ದೀರಾ ಅಂತ. ‘ಏನೂ ಬೇಕಾಗಿಲ್ರೀ ಸರ, ಫ್ಯೂಯೆಲ್ ಪ್ರೆಶರ್ ಏರ್ಸೇವಿ. ಸೆಟ್ಟಿಂಗ್ ಕರೆಕ್ಟ್ ಐತಿ. ಚೆಕ್ ಲೈಟ್ ಸುದ್ದಾ ಬರಂಗಿಲ್ರೀ.’ ಎಂಜಿನ್‌ನಲ್ಲಿ ದೋಷ ಕಂಡರೆ ಹತ್ತುವ ದೀಪ ಅದು. ಡ್ಯಾಶ್‌ಬೋರ್ಡ್ ಮೇಲೆ ಒಂದು ಮೀಟರ್ ಅಂಟಿಸಿದ್ದರು. ಹಸಿರು, ಹಳದಿ, ಕೆಂಪು ದೀಪಗಳು ಓಡಾಡುತ್ತಿದ್ದವು. ಹಸಿರು ಬಂದರೆ ಮಿಕ್ಸ್ಚರ್ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ), ಎಂಜಿನ್ ಸೇಫ್ ಅಂದರು. ಟೆಸ್ಟ್ ಡ್ರೈವ್ ಅಂತ ಉಣಕಲ್ ಕೆರೆವರೆಗೆ ಹೋಗಿ ಬಂದೆವು. ಚಿಗರಿ ಬಸ್ಸಿನ ಪಕ್ಕ, ಸಿಗ್ನಲ್‌ನಿಂದ ಸಿಗ್ನಲ್‌ಗೆ. ಗಾಡಿ ಬೆಣ್ಣೆಯ ಹಾಗೆ ಹೋಯಿತು.

ಹೋಗದೇ ಏನು? ಊರೊಳಗಿನ ಓಟದಲ್ಲಿ ಬೂಸ್ಟ್ ಬರುವುದೇ ಇಲ್ಲ. ಥ್ರಾಟಲ್ ಅರ್ಧ ಮುಚ್ಚಿರುತ್ತದೆ, ಮ್ಯಾನಿಫೋಲ್ಡ್‌ನಲ್ಲಿ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪಿನಲ್ಲಿ, ಇರುವುದು ವ್ಯಾಕ್ಯೂಮ್. ಆ ಹೊತ್ತಿನಲ್ಲಿ ಇಸಿಯು ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ನೋಡುತ್ತಾ ತಾನೇ ಪೆಟ್ರೋಲ್ ತಿದ್ದಿಕೊಳ್ಳುತ್ತದೆ. ಜಾಸ್ತಿ ಬಿದ್ದರೆ ಕಡಿಮೆ ಮಾಡುತ್ತದೆ, ಕಡಿಮೆ ಬಿದ್ದರೆ ಜಾಸ್ತಿ. ಹಾಗಾಗಿ ಸೆಟ್ಟಿಂಗ್ ಹಾಳಾಗಿದ್ದರೂ ನಿಧಾನ ಓಟದಲ್ಲಿ ಸುಲಭಕ್ಕೆ ಗೊತ್ತಾಗುವುದಿಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಇಸಿಯು ಆ ಸೆನ್ಸರನ್ನು ಬಿಟ್ಟು ತನ್ನೊಳಗಿನ ಪಟ್ಟಿ ನೋಡುತ್ತದೆ. ಟರ್ಬೋ ಇಲ್ಲದೆ ಬಂದ ಕಾರಿನ ಪಟ್ಟಿ ಹೊರಗಿನ ಗಾಳಿಯ ಒತ್ತಡಕ್ಕೇ ಮುಗಿಯುತ್ತದೆ. ಅದರಾಚೆಗೆ ಬೂಸ್ಟ್ ಅಂತ ಒಂದಿದೆ ಅನ್ನುವುದೇ ಅದಕ್ಕೆ ಗೊತ್ತಿಲ್ಲ.

ದೀಪದ ಮೀಟರ್ ಕಥೆ ಇನ್ನೂ ಚೆನ್ನಾಗಿದೆ. ಅದನ್ನು ಕಂಪನಿಯ ಆಕ್ಸಿಜನ್ ಸೆನ್ಸರ್‌ಗೇ ಜೋಡಿಸಿದ್ದರು. ಅದು ನ್ಯಾರೋಬ್ಯಾಂಡ್. ಒಂದು ಭಾಗ ಪೆಟ್ರೋಲ್‌ಗೆ 14.7 ಭಾಗ ಗಾಳಿ ಅನ್ನುವ ಗೆರೆಯ ಈ ಕಡೆಯೋ ಆ ಕಡೆಯೋ ಅಂತ ಮಾತ್ರ ಅದು ಹೇಳಬಲ್ಲದು. 14 ಇದ್ದರೂ ರಿಚ್ ಅನ್ನುತ್ತದೆ, 11.5 ಇದ್ದರೂ ರಿಚ್ ಅನ್ನುತ್ತದೆ. ಬೂಸ್ಟ್‌ನಲ್ಲಿ 11.5 ಇದ್ದರೆ ಎಂಜಿನ್ ಉಳಿಯುತ್ತದೆ, 14 ಇದ್ದರೆ ಸಾಯುತ್ತದೆ. ಎರಡಕ್ಕೂ ಒಂದೇ ಹಸಿರು ದೀಪ!

ಎಂಜಿನ್ ಹೋಗಿದ್ದು ಎನ್‌ಎಚ್ 48ರಲ್ಲಿ, ಹಾವೇರಿಗೆ ಹೊರಟಾಗ. ಏಪ್ರಿಲ್ ಮಧ್ಯಾಹ್ನ. ತಡಸ ಕ್ರಾಸ್ ದಾಟಿದ ಮೇಲೆ ಎರಡು ಲಾರಿಗಳನ್ನು ಹಿಂದೆ ಹಾಕಲು ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದೆ. 5,000 ಆರ್‌ಪಿಎಂ ದಾಟಿದಾಗ ಚಟಚಟ ಅಂತ ಸಣ್ಣ ಸದ್ದು. ಕಾಲು ತೆಗೆಯುವಷ್ಟರಲ್ಲಿ ಎಳೆತ ಹೋಗಿತ್ತು. ಕನ್ನಡಿಯಲ್ಲಿ ನೀಲಿ ಹೊಗೆ. ಬಾನೆಟ್ ಎತ್ತಿದರೆ ಆಯಿಲ್ ಡಿಪ್‌ಸ್ಟಿಕ್ ಮೇಲೆ ಎದ್ದು ಬಂದಿತ್ತು, ಸುತ್ತಲೂ ಆಯಿಲ್. ಮೀಟರ್ ಮಾತ್ರ ಕೊನೆವರೆಗೂ ಹಸಿರು. ಚೆಕ್ ಲೈಟ್ ಬರಲೇ ಇಲ್ಲ. ಆ ಮಾತಿಗೆ ಮಾತ್ರ ಗ್ಯಾರೇಜಿನವರು ನಿಯತ್ತಾಗಿದ್ದರು.

ಟೋ ಮಾಡಿಸಿ ಬೇರೆ ಮೆಕ್ಯಾನಿಕ್ ಹತ್ತಿರ ಹಾಕಿದೆ. ಕಂಪ್ರೆಶನ್ ನೋಡಿದರೆ ಮೂರು ಸಿಲಿಂಡರ್‌ಗಳಲ್ಲಿ 11-12 ಬಾರ್, ಎರಡನೆಯದರಲ್ಲಿ 4. ಆ ಸಿಲಿಂಡರಿನ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಹೊಳೆಯುವ ಚುಕ್ಕೆಗಳಿದ್ದವು. ಅದು ಪಿಸ್ಟನ್ನಿನ ಅಲ್ಯುಮಿನಿಯಂ. ಬಿಚ್ಚಿದಾಗ ರಿಂಗುಗಳ ನಡುವಿನ ಏಣು ಮುರಿದು ಕೂತಿತ್ತು. ನಾಕಿಂಗ್‌ನ, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ಹತೋಟಿ ತಪ್ಪಿ ಸಿಡಿಯುವುದರ, ಕೆಲಸ ಇದೇ.

ಇನ್ನು ಅವರು ಮಾಡಿದ್ದೇನು ಅಂತ ನೋಡಿ.

ಮೊದಲನೆಯದು ‘ಏರಿಸಿದ’ ಪ್ರೆಶರ್. 3 ಬಾರ್ ಇದ್ದದ್ದನ್ನು ಅಡ್ಜಸ್ಟೇಬಲ್ ರೆಗ್ಯುಲೇಟರ್ ಹಾಕಿ 3.5 ಮಾಡಿದ್ದರು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಆ ರೆಗ್ಯುಲೇಟರಿನ ತಲೆಯ ಮೇಲೆ ಒಂದು ಸಣ್ಣ ಮೂಗು ಇರುತ್ತದೆ. ಅದರಿಂದ ಮ್ಯಾನಿಫೋಲ್ಡ್‌ಗೆ ಒಂದು ಹೋಸ್ ಹೋಗಬೇಕು. ಬೂಸ್ಟ್ ಎಷ್ಟು ಏರುತ್ತದೋ ಪೆಟ್ರೋಲ್ ಪ್ರೆಶರ್ ಅಷ್ಟೇ ಏರಲಿ ಅಂತ. ನನ್ನದರಲ್ಲಿ ಹೋಸೇ ಇರಲಿಲ್ಲ, ಮೂಗು ಬಯಲಿಗೆ ತೆರೆದಿತ್ತು. ಇಂಜೆಕ್ಟರ್‌ನಿಂದ ಎಷ್ಟು ಪೆಟ್ರೋಲ್ ಬೀಳುತ್ತದೆ ಅನ್ನುವುದು ಅದರ ಹಿಂದಿನ ಒತ್ತಡ ಮತ್ತು ಮುಂದಿನ ಒತ್ತಡದ ವ್ಯತ್ಯಾಸದ ಮೇಲೆ ನಿಂತಿದೆ. ಹಿಂದೆ 3.5, ಮುಂದೆ ಬೂಸ್ಟ್ 0.4. ವ್ಯತ್ಯಾಸ 3.1. ಅಂದರೆ ಸೂಪರ್‌ಚಾರ್ಜರ್ ಇಲ್ಲದಾಗ ಪೂರ್ತಿ ಒತ್ತಿದರೆ ಎಷ್ಟಿತ್ತೋ ಹೆಚ್ಚೂಕಮ್ಮಿ ಅಷ್ಟೇ. ಗಾಳಿ ಮೊದಲಿಗಿಂತ ಕಾಲು ಭಾಗಕ್ಕೂ ಮೀರಿ ಜಾಸ್ತಿ ಬಂತು, ಅದಕ್ಕೆ ತಕ್ಕ ಪೆಟ್ರೋಲ್ ಬರಲಿಲ್ಲ.

ಸರಿಯಾಗಿ ಹೋಸ್ ಹಾಕಿದ್ದರೂ ಪ್ರೆಶರ್ ಒಂದರಿಂದಲೇ ದೂರ ಹೋಗಲು ಆಗುವುದಿಲ್ಲ. ಪೆಟ್ರೋಲ್ ಏರುವುದು ಒತ್ತಡದ ವರ್ಗಮೂಲದಷ್ಟು. 3 ಬಾರನ್ನು 4 ಮಾಡಿದರೆ ಸಿಗುವುದು 15 ಪರ್ಸೆಂಟ್. 40 ಪರ್ಸೆಂಟ್ ಜಾಸ್ತಿ ಬೇಕಾದರೆ ಒತ್ತಡ ಹತ್ತಿರ ಹತ್ತಿರ 6 ಬಾರ್ ಆಗಬೇಕು. ಒತ್ತಡ ಏರಿದಷ್ಟೂ ಪಂಪ್ ಕಡಿಮೆ ಪೆಟ್ರೋಲ್ ತಳ್ಳುತ್ತದೆ. ಟ್ಯಾಂಕಿನೊಳಗಿನ ಹಳೇ ಪಂಪ್ ಅಲ್ಲೇ ಕೈ ಎತ್ತುತ್ತದೆ. ನನ್ನದರಲ್ಲಿ ಹಳೇ ವೈರಿಂಗ್‌ನಿಂದ ಪಂಪಿಗೆ 12 ವೋಲ್ಟ್ ಕೂಡ ಪೂರ್ತಿ ಹೋಗುತ್ತಿರಲಿಲ್ಲ. ದಪ್ಪ ವೈರು, ಒಂದು ರಿಲೇ ಹಾಕಿದ್ದರೆ ಮುಗಿಯುತ್ತಿತ್ತು.

ಎರಡನೆಯದು ಕೂಲೆಂಟ್ ಸೆನ್ಸರಿನ ವೈರಿನಲ್ಲಿ ಸಿಕ್ಕ ಒಂದು ರೆಸಿಸ್ಟರ್. ಎಂಜಿನ್ ತಣ್ಣಗಿದೆ ಅಂತ ಇಸಿಯುಗೆ ಸುಳ್ಳು ಹೇಳಿದರೆ ಅದು ಸ್ವಲ್ಪ ಜಾಸ್ತಿ ಪೆಟ್ರೋಲ್ ಹಾಕುತ್ತದೆ. ಎಷ್ಟು ಬೂಸ್ಟ್, ಎಷ್ಟು ಆರ್‌ಪಿಎಂ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೇಲಾಗಿ ತಣ್ಣಗಿದ್ದರೆ ಸ್ಪಾರ್ಕನ್ನೂ ಮುಂದೆ ತರುವ ಇಸಿಯುಗಳಿವೆ. ಬೂಸ್ಟ್‌ನಲ್ಲಿ ಬೇಕಾದ್ದು ಅದರ ಉಲ್ಟಾ.

ಮೂರನೆಯದು, ನನಗೆ ಅತಿ ಸಿಟ್ಟು ತರಿಸಿದ್ದು. ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಸಿಗ್ನಲ್ ಒಂದು ಮಟ್ಟಕ್ಕಿಂತ ಮೇಲೆ ಹೋಗದ ಹಾಗೆ ಅಲ್ಲೊಂದು ಸಣ್ಣ ಸರ್ಕಿಟ್ ಕೂರಿಸಿದ್ದರು. ಅದಿಲ್ಲದಿದ್ದರೆ ಬೂಸ್ಟ್ ಬಂದಾಗ ಇಸಿಯು ಇದೇನೋ ಸರಿಯಿಲ್ಲ ಅಂತ ಚೆಕ್ ಲೈಟ್ ಹಾಕುತ್ತಿತ್ತು. ಅದು ಹೇಳಬೇಕಾದ ಒಂದೇ ಮಾತಿಗೆ ಬಾಯಿ ಹೊಲಿದು, ಅದನ್ನೇ ಸೌಲಭ್ಯ ಅಂತ ನನಗೆ ಮಾರಿದ್ದರು. ಬೂಸ್ಟ್ ಗೊತ್ತಿಲ್ಲದ ಇಸಿಯು ಸ್ಪಾರ್ಕ್ ಟೈಮಿಂಗನ್ನೂ ಹಿಂದೆ ತರಲಿಲ್ಲ. ಇಂಟರ್‌ಕೂಲರ್ ಇಲ್ಲ, ಗಾಳಿ ಬಿಸಿ, ಪೆಟ್ರೋಲ್ ಕಡಿಮೆ, ಸ್ಪಾರ್ಕ್ ಮುಂಚೆ. ಪಿಸ್ಟನ್ ಪಾಪ ಎಷ್ಟು ತಡೆದೀತು?

ಕೇಳಲು ಹೋದರೆ ಬಂದ ಉತ್ತರ: ‘ಪೆಟ್ರೋಲ್‌ದಾಗ ಎಥನಾಲ್ ಬಂದೈತ್ರಿ ಸರ, ನಾವೇನ್ ಮಾಡೂಣು.’ ಇದನ್ನು ನಂಬಬೇಡಿ. 20 ಪರ್ಸೆಂಟ್ ಎಥನಾಲ್ ಇದ್ದರೆ 14.7ರ ಜಾಗಕ್ಕೆ ಸುಮಾರು 13.5 ಬರುತ್ತದೆ, ಹೌದು. ಅಂದರೆ ಒಂಬತ್ತು ಪರ್ಸೆಂಟಿನಷ್ಟು ಜಾಸ್ತಿ ಪೆಟ್ರೋಲ್ ಬೇಕು. ಅದು ಟ್ಯೂನ್ ಮಾಡುವವನು ಮೊದಲೇ ಹಿಡಿಯಬೇಕಾದ ಲೆಕ್ಕ. ಜೊತೆಗೆ ಎಥನಾಲ್ ನಾಕಿಂಗ್ ತಡೆಯುತ್ತದೆ, ತರುವುದಿಲ್ಲ. ಲ್ಯಾಂಬ್ಡಾ (ಬಂದ ಗಾಳಿ ಆ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಅನ್ನುವ ಅಂಕಿ) ಲೆಕ್ಕದಲ್ಲಿ ಟ್ಯೂನ್ ಮಾಡಿದರೆ ಈ ಗೊಂದಲವೇ ಇಲ್ಲ. ಬೂಸ್ಟ್‌ನಲ್ಲಿ 0.78ರಿಂದ 0.82, ಪೆಟ್ರೋಲ್ ಯಾವುದಾದರೂ ಸರಿ.

ಎಂಜಿನ್ ಕಟ್ಟಿದ ಮೇಲೆ ಎರಡನೇ ಮೆಕ್ಯಾನಿಕ್ ಅದೇ ಹಳೇ ಸೆಟ್ಟಿಂಗ್‌ನಲ್ಲಿ ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಪ್ರಮಾಣದ ನಿಜವಾದ ಅಂಕಿ ತೋರಿಸುವ ಸೆನ್ಸರ್) ಹಾಕಿ ಒಂದು ಚಿಕ್ಕ ಎಳೆತ ನೋಡಿದ. ಬೂಸ್ಟ್ ಶುರುವಾಗುವ ಜಾಗದಲ್ಲೇ ಅಂಕಿ 14 ದಾಟಿತು. ಅಲ್ಲಿಗೇ ಕಾಲು ತೆಗೆದ. ಅಷ್ಟೇ ಸಮಯ ಬೇಕಿತ್ತು ಇದನ್ನು ಹಿಡಿಯಲು.

ಹಾಗಾಗಿ ಯಾರಿಗಾದರೂ ಈ ಕೆಲಸ ಕೊಡುವ ಮೊದಲು ಲಾಗ್, ಅಂದರೆ ಓಡುವಾಗ ದಾಖಲಾದ ಅಂಕಿಗಳ ಪಟ್ಟಿ, ತೋರಿಸಿ ಅನ್ನಿ. ಪೂರ್ತಿ ಥ್ರಾಟಲ್‌ನಲ್ಲಿ, ಕೆಂಪು ಗೆರೆವರೆಗೆ, ವೈಡ್‌ಬ್ಯಾಂಡ್ ಅಂಕಿ, ಬೂಸ್ಟ್, ಪೆಟ್ರೋಲ್ ಪ್ರೆಶರ್ ಒಟ್ಟಿಗೆ ಇರುವ ಲಾಗ್. ಹೋಸ್ ಇದ್ದು 0.4 ಬೂಸ್ಟ್ ಬಂದಾಗ 3 ಬಾರ್ 3.4 ಆಗಲೇಬೇಕು. ಮೇಲಿನ ಆರ್‌ಪಿಎಂನಲ್ಲಿ ಅದು ಇಳಿಯುತ್ತಿದ್ದರೆ ಪಂಪ್ ಸಾಲುತ್ತಿಲ್ಲ. ಇಂಜೆಕ್ಟರ್ ಎಷ್ಟು ಸಿಸಿ, ಎಷ್ಟು ಬಾರ್‌ನಲ್ಲಿ ಅಂತ ಕೇಳಿ. 125 ಎಚ್‌ಪಿ ಗುರಿಯ ನಾಲ್ಕು ಸಿಲಿಂಡರಿನ ಕಾರಿಗೆ, ಬೂಸ್ಟ್ ಲೆಕ್ಕದಲ್ಲಿ, ಒಂದೊಂದೂ ನಿಮಿಷಕ್ಕೆ ಸುಮಾರು 250 ಸಿಸಿ ಕೊಡಬೇಕು. 6,000 ಆರ್‌ಪಿಎಂನಲ್ಲಿ ಒಂದು ಸೈಕಲ್‌ಗೆ ಸಿಗುವುದೇ 20 ಮಿಲಿಸೆಕೆಂಡ್. ಅದರಲ್ಲಿ 85 ಪರ್ಸೆಂಟ್‌ಗಿಂತ ಜಾಸ್ತಿ ಹೊತ್ತು ಇಂಜೆಕ್ಟರ್ ತೆರೆದಿದ್ದರೆ ಅದು ಚಿಕ್ಕದಾಯಿತು. ಮ್ಯಾಪ್ ಸೆನ್ಸರ್ ಬೂಸ್ಟ್ ಓದಬೇಕು, ಇಸಿಯು ಅದನ್ನು ನಂಬಬೇಕು. ಪ್ರೆಶರ್ ಗೇಜ್ ಅಂತ ಪೆಟ್ರೋಲ್ ಪೈಪನ್ನೇ ಕಾರಿನೊಳಗೆ ತರುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ, ಎಲೆಕ್ಟ್ರಿಕ್ ಸೆಂಡರ್ ಹಾಕಿಸಿ.

ಬಿಲ್ ಕೊಡದೆ ಕೆಲಸ ಮಾಡುವವರಿಗೆ ಧೈರ್ಯ ಎಲ್ಲಿಂದ ಬರುತ್ತದೆ ಗೊತ್ತಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಹೀಗೆ ಎಂಜಿನ್ ಮಾರ್ಪಡಿಸುವುದಕ್ಕೇ ಅಡ್ಡಿ ಇದೆ. ಇನ್ಶೂರೆನ್ಸ್‌ನವರೂ ಕೈ ಎತ್ತಬಹುದು. ನೀವು ಎಲ್ಲೂ ದೂರು ಕೊಡಲಾರಿರಿ ಅಂತ ಅವರಿಗೆ ಮೊದಲೇ ಗೊತ್ತು.

ಈಗಾಗಲೇ ಇಂಥ ಕಾರು ಓಡಿಸುತ್ತಿದ್ದರೆ ಇವತ್ತೇ ಬಾನೆಟ್ ಎತ್ತಿ ರೆಗ್ಯುಲೇಟರಿನ ಮೂಗು ನೋಡಿ. ಹೋಸ್ ಇಲ್ಲದಿದ್ದರೆ ಲಾಗ್ ಆಗುವವರೆಗೆ ಬೂಸ್ಟ್ ಮುಟ್ಟಬೇಡಿ. ಬೆಲ್ಟ್ ಒಂದು ಬಿಚ್ಚಿದರೆ ಸಾಕು ಅಂತ ಯಾರಾದರೂ ಅಂದರೆ ಕೇಳಬೇಡಿ. ಅದೇ ಬೆಲ್ಟ್ ಆಲ್ಟರ್ನೇಟರ್, ವಾಟರ್ ಪಂಪ್ ತಿರುಗಿಸುತ್ತಿದ್ದರೆ ಎಂಜಿನ್ ಬಿಸಿಯಾಗಿ ಕೆಡುತ್ತದೆ. ನಿಂತ ರೋಟರುಗಳ ಮೂಲಕ ಗಾಳಿ ಎಳೆಯಲೂ ಅದು ಒದ್ದಾಡುತ್ತದೆ. ಕಂಪನಿಯ ಹಳೇ ಇನ್‌ಟೇಕ್ ಪೈಪ್, ಹಳೇ ಬೆಲ್ಟ್ ವಾಪಸ್ ಹಾಕಿಸಿ, ಪ್ರೆಶರ್ 3ಕ್ಕೆ ಇಳಿಸಿ, ಆ ರೆಸಿಸ್ಟರ್ ಕಿತ್ತು ಹಾಕಿಸಿ. ಹಾಗೆ ಓಡಿಸಬಹುದು.