4×4 ರೂಬಿಕ್ಸ್ ಕ್ಯೂಬಲ್ಲಿ ಕೊನೆಗೆ ಒಂದು ಎಡ್ಜ್ ಉಲ್ಟಾ ಕೂತ್ರೆ ದಯವಿಟ್ಟು ಬಿಚ್ಚೋಕೆ ಹೋಗ್ಬೇಡಿ

3×3 ಚೆನ್ನಾಗಿ ಬರುತ್ತೆ, ಈಗ ಹೊಸದಾಗಿ 4×4 ಶುರು ಮಾಡಿದೀನಿ ಅನ್ನೋರು ಇದನ್ನ ಒಂದ್ಸಲ ಓದ್ಬಿಡಿ. ನನ್ನ ಮೊದಲ 4×4 ನಾನೇ ಕೈಯಾರೆ ಹಾಳು ಮಾಡ್ಕೊಂಡೆ, ಅದೂ ಅದ್ರಲ್ಲಿ ಏನೂ ತಪ್ಪಿಲ್ದೇ ಇದ್ದಾಗ. ಈಗ್ಲೂ ನೆನೆಸ್ಕೊಂಡ್ರೆ ಬೇಜಾರಾಗುತ್ತೆ.

ಸೆಂಟರ್‌ಗಳನ್ನೆಲ್ಲ (ಮುಖದ ನಡುವಿನ ತುಂಡುಗಳು) ಕೂಡಿಸಿ, 24 ಎಡ್ಜ್ (ಅಂಚಿನ) ತುಂಡುಗಳನ್ನ ಎರಡೆರಡಾಗಿ ಸೇರ್ಸಿ 12 ಜೋಡಿ ಮಾಡ್ಕೊಂಡು, ಆಮೇಲೆ 3×3 ಥರಾನೇ ಸಾಲ್ವ್ ಮಾಡ್ತಾ ಕೊನೇ ಲೇಯರಿಗೆ ಬಂದ್ರೆ ಒಂದೇ ಒಂದು ಜೋಡಿ ಉಲ್ಟಾ, ಹಳದಿ ಮೇಲೆ ಬರೋ ಬದ್ಲು ಪಕ್ಕಕ್ಕೆ ಮುಖ ಮಾಡಿ ಕೂತಿತ್ತು. 3×3 ನಲ್ಲಿ ಹೀಗಾಗೋಕೆ ಸಾಧ್ಯಾನೇ ಇಲ್ಲ, ಆಗಿದ್ರೆ ಯಾರೋ ಬಿಚ್ಚಿ ತಪ್ಪಾಗಿ ಜೋಡಿಸಿದಾರೆ ಅಂತಾನೇ ಅರ್ಥ (ಬಿಚ್ಚಿ ಮನಸ್ಸಿಗೆ ಬಂದಂಗೆ ಜೋಡಿಸಿದ 3×3 ಸಾಲ್ವ್ ಆಗೋ ಚಾನ್ಸ್ 12ರಲ್ಲಿ 1 ಅಷ್ಟೇ). ಇದು ನಂಗೆ ಚೆನ್ನಾಗಿ ಗೊತ್ತಿತ್ತು, ಅದೇ ನನ್ನ ದಾರಿ ತಪ್ಪಿಸ್ತು.

ಮೇಲಿನ ಲೇಯರ್ ಅರ್ಧಂಬರ್ಧ ತಿರುಗ್ಸಿ, ಆ ಎಡ್ಜ್ ಕೆಳಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರ್ಸಿ ಎತ್ತಿದೆ. 3×3 ಆದ್ರೆ ಟಕ್ ಅಂತ ಬಂದ್ಬಿಡುತ್ತೆ, ಇದು ಬರ್ಲಿಲ್ಲ. ಇನ್ನೂ ಜೋರಾಗಿ ಮೀಟಿದೆ ನೋಡಿ, ಪಕ್ಕದ ಸೆಂಟರ್ ತುಂಡೂ ಜೊತೇಲೇ ಎದ್ದು ಬಂತು, ಅದರ ಬುಡದ ಕಾಲು ಮುರ್ದು ಒಳಗೇ ಉಳೀತು. ಹೊರಗೆ ಯಾವತ್ತೂ ಕಾಣದ ಒಳಗಿನ ಸಣ್ಣ ಸಣ್ಣ ತುಂಡುಗಳೆಲ್ಲ ಮೇಜಿನ ಮೇಲೆ ಚೆಲ್ಲಾಪಿಲ್ಲಿ, ಯಾವುದು ಎಲ್ಲಿತ್ತು ಅಂತ ನೋಡ್ಕೊಂಡೂ ಇರ್ಲಿಲ್ಲ. ಅಂಟು ಹಾಕಿ ನೋಡ್ದೆ, ನಾಲ್ಕು ಸಲ ತಿರುಗಿಸೋದ್ರೊಳಗೆ ಮತ್ತೆ ಕಿತ್ಕೊಂಡ್ತು.

ಆ ಎಡ್ಜ್ ಉಲ್ಟಾ ಕೂತಿದ್ದು ಪ್ಯಾರಿಟಿ (ಸಮ-ಬೆಸದ ತೊಡಕು) ಅಂತ ಆಮೇಲೆ ತಿಳೀತು. 4×4 ನಲ್ಲಿ ಒಂದು ಎಡ್ಜ್ ಅಂದ್ರೆ ಎರಡು ಬೇರೆ ಬೇರೆ ತುಂಡು, ಉಲ್ಟಾ ಥರ ಕಾಣೋದು ನಿಜಕ್ಕೂ ಆ ಎರಡು ಅದಲುಬದಲಾಗಿರೋದು. ಒಳಗಿನ ಲೇಯರ್ ಕಾಲು ಸುತ್ತು ತಿರುಗಿಸಿದ ಲೆಕ್ಕ ಸಮ ಇರ್ಬೇಕಾ ಬೆಸ ಇರ್ಬೇಕಾ ಅನ್ನೋದು ಜೋಡಿ ಮಾಡೋವಾಗ ಕಣ್ಣಿಗೆ ಕಾಣಲ್ಲ, ಹಂಗಾಗಿ ಸುಮಾರು ಅರ್ಧದಷ್ಟು ಸಲ ಇದು ಬಂದೇ ಬರುತ್ತೆ. ಹೊರಗಿನ ಲೇಯರ್‌ಗಳನ್ನ ಎಷ್ಟು ತಿರುಗಿಸಿದ್ರೂ ಹೋಗಲ್ಲ. ಇದಕ್ಕಂತಾನೇ ಒಂದು ಉದ್ದದ ಅಲ್ಗಾರಿದಮ್ (ಒಂದಾದ್ಮೇಲೊಂದು ತಿರುಗಿಸೋ ಕ್ರಮ) ಇದೆ, ಬಾಯಿಪಾಠ ಆಗೋವರೆಗೂ ಚೀಟೀಲಿ ಬರ್ದು ಪಕ್ಕದಲ್ಲಿಟ್ಕೊಳ್ಳಿ. ಅದೂ ಇಲ್ವಾ, ಒಳಗಿನ ಲೇಯರ್ ಕೆಡಿಸಿ ಸೆಂಟರ್ ಎಡ್ಜ್ ಮತ್ತೆ ಕೂಡ್ಸಿ, ಈ ಸಲ ಬರ್ದೇ ಇರೋಕೂ ಅಷ್ಟೇ ಚಾನ್ಸ್ ಇದೆ.

ಇನ್ನೊಂದು, ಎದುರುಬದುರು ಎರಡು ಎಡ್ಜ್ ಜೋಡಿ ಮಾತ್ರ ಜಾಗ ಬದಲಾಗಿದ್ರೆ ಅದೂ ಪ್ಯಾರಿಟೀನೇ, ಅದಕ್ಕೆ ಬೇರೆ ಅಲ್ಗಾರಿದಮ್.

ಆದ್ರೆ ಬೇರೆಲ್ಲ ಸರಿಯಾಗಿದ್ದು ಒಂದೇ ಒಂದು ಕಾರ್ನರ್ ಮಾತ್ರ ತಿರುಗಿ ಕೂತಿದ್ರೆ ಅದು ಪ್ಯಾರಿಟಿ ಅಲ್ಲ, 4×4 ನಲ್ಲೂ ಅದು ತಾನಾಗೇ ಬರೋಕೆ ಸಾಧ್ಯ ಇಲ್ಲ. ಜೋರಾಗಿ ತಿರುಗಿಸೋವಾಗ ಕಾರ್ನರ್ ಇದ್ದಲ್ಲೇ ತಿರುಚ್ಕೊಂಡಿರುತ್ತೆ. ಬೆರಳಲ್ಲಿ ಗಟ್ಟಿಯಾಗಿ ಹಿಡ್ದು ಅಲ್ಲೇ ತಿರುವಿ ಸರಿ ಮಾಡ್ಬಹುದು, ಅದಕ್ಕೂ ಸ್ಕ್ರೂಡ್ರೈವರ್ ಬೇಡ.