ಪಿಡಿಒದ ಫೆಚ್ ಗ್ರೂಪ್: ಗುಂಪು ಕಟ್ಟಿಕೊಡುತ್ತದೆ, ಸಾರ್ಟ್ ಮಾತ್ರ ನಿಮ್ಮ ಪಾಲಿಗೆ

ಹುಡುಕಾಟದ ಫಲಿತಾಂಶವನ್ನು ಒಂದೇ ಉದ್ದ ಪಟ್ಟಿಯಾಗಿ ಸುರಿಯದೆ ವಿಭಾಗವಾರು ತಲೆಬರಹ ಹಾಕಿ ತೋರಿಸಬೇಕು ಎಂದರೆ ಪಿಎಚ್‌ಪಿ ಬರೆಯುವವರ ಮುಂದೆ ಸಾಮಾನ್ಯವಾಗಿ ಎರಡು ದಾರಿ. ಒಂದು, ಲೂಪಿನಲ್ಲಿ ಪ್ರತಿ ಸಾಲನ್ನೂ ಹಿಂದಿನ ಸಾಲಿಗೆ ಹೋಲಿಸಿ, ವಿಭಾಗ ಬದಲಾದಾಗ ಹೊಸ ತಲೆಬರಹ ಬರೆಯುವ ಹಳೆಯ ಪದ್ಧತಿ. ಇನ್ನೊಂದು, ಪಿಎಚ್‌ಪಿಯಿಂದ ಡೇಟಾಬೇಸ್ ತಲುಪುವ ಸಾಧನವಾದ ಪಿಡಿಒದಲ್ಲಿ ಎಲ್ಲ ಸಾಲನ್ನೂ ಒಟ್ಟಿಗೆ ತರುವ ಫೆಚ್‌ಆಲ್‌ಗೆ ಫೆಚ್ ಗ್ರೂಪ್ ಅನ್ನುವ ಫ್ಲ್ಯಾಗ್ ಕೊಟ್ಟು ಗುಂಪು ಕಟ್ಟಿದ ಅರೇಯನ್ನೇ ಕೈಗೆ ತೆಗೆದುಕೊಳ್ಳುವುದು. ಪಿಡಿಒ 2005ರಲ್ಲಿ ಪಿಎಚ್‌ಪಿ 5.1ರ ಜೊತೆ ಬಂದದ್ದು. ಇಷ್ಟು ವರ್ಷವಾದರೂ ಈ ಫ್ಲ್ಯಾಗನ್ನು ಮುಟ್ಟದೆ ಹತ್ತು ಸಾಲಿನ ಲೂಪ್ ಬರೆಯುವವರೇ ಹೆಚ್ಚು. ಇಲ್ಲಿ ಮೈಎಸ್‌ಕ್ಯೂಎಲ್ 8 ಮತ್ತು ಪಿಎಚ್‌ಪಿ 8 ಜೋಡಿಯನ್ನು ಇಟ್ಟುಕೊಂಡು ಅದರ ಗುಣ-ದೋಷ ನೋಡೋಣ. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಒಂದೇ ಹಂತದ ಗುಂಪು, ಕೆಲವು ನೂರು ಸಾಲು, ಸರಿಯಾಗಿ ಬರೆದ ಆರ್ಡರ್ ಬೈ, ಇವಿಷ್ಟು ಇದ್ದರೆ ಕಣ್ಣು ಮುಚ್ಚಿ ಬಳಸಬಹುದು. ಪುಟ ವಿಂಗಡಣೆ ಬಂತೋ, ಅಲ್ಲಿಂದ ಮುಂದಿನ ಕೆಲಸವೆಲ್ಲ ಕ್ವೆರಿಯದ್ದು.

ಬಳಕೆ ಸರಳ. ಪುಸ್ತಕಗಳ ಟೇಬಲ್ ಒಂದಿದೆ ಅಂದುಕೊಳ್ಳಿ. ಐಡಿ, ಶೀರ್ಷಿಕೆ, ವಿಭಾಗ, ವರ್ಷ ಎಂಬ ಕಾಲಮ್‌ಗಳು. ಕ್ವೆರಿ ಹೀಗೆ:

ಸೆಲೆಕ್ಟ್ ವಿಭಾಗ, ಐಡಿ, ಶೀರ್ಷಿಕೆ, ವರ್ಷ ಫ್ರಮ್ ಪುಸ್ತಕ ವೇರ್ ಶೀರ್ಷಿಕೆ ಲೈಕ್ ? ಆರ್ಡರ್ ಬೈ ವಿಭಾಗ, ವರ್ಷ ಡೆಸ್ಕ್, ಐಡಿ

ಎಕ್ಸಿಕ್ಯೂಟ್ ಆದಮೇಲೆ ಫೆಚ್‌ಆಲ್‌ಗೆ ಫೆಚ್ ಗ್ರೂಪ್ ಮತ್ತು ಫೆಚ್ ಅಸೋಕ್ (ಸಾಲಿನ ಬೆಲೆಗಳನ್ನು ಕಾಲಮ್ ಹೆಸರಿನ ಕೀಗಳಲ್ಲಿ ಕೊಡುವುದು) ಎರಡನ್ನೂ ಪೈಪ್ ಚಿಹ್ನೆಯಿಂದ ಸೇರಿಸಿ ಕೊಡಬೇಕು. ಕೈಗೆ ಬರುವ ಅರೇಯಲ್ಲಿ 'ಇತಿಹಾಸ', 'ವಿಜ್ಞಾನ' ಎಂಬ ಕೀಗಳು, ಪ್ರತಿ ಕೀ ಒಳಗೆ ಆ ವಿಭಾಗದ ಸಾಲುಗಳು. ಹೊರಗಿನ ಫಾರ್‌ಈಚ್ ತಲೆಬರಹಕ್ಕೆ, ಒಳಗಿನದು ಸಾಲುಗಳಿಗೆ. ಹಳೆಯ ಲೂಪಿನಲ್ಲಿ ಕೊನೆಯ ಗುಂಪಿನ ಯುಎಲ್ ಟ್ಯಾಗನ್ನು ಲೂಪಿನ ಹೊರಗೆ ಮುಚ್ಚಲು ಮರೆತು ಪುಟದ ಕೆಳಭಾಗವೆಲ್ಲ ಒಳಕ್ಕೆ ಸರಿಯುವ ತಾಪತ್ರಯ ಇಲ್ಲಿಲ್ಲ. ಟೆಂಪ್ಲೇಟ್ ಓದಲೂ ಹಿತ.

ಎರಡು ನಿಯಮ ನೆನಪಿರಲಿ. ಗುಂಪು ಆಗುವುದು ಯಾವಾಗಲೂ ಸೆಲೆಕ್ಟ್‌ನ ಮೊದಲ ಕಾಲಮ್ ಮೇಲೆ; ಬೇರೆ ಕಾಲಮ್ ಹೆಸರಿಸಲು ಅವಕಾಶವೇ ಇಲ್ಲ. ಜೊತೆಗೆ, ಆ ಮೊದಲ ಕಾಲಮ್ ಕೀ ಆಗಿ ಹೋಗುವುದರಿಂದ ಒಳಗಿನ ಸಾಲುಗಳಲ್ಲಿ ಅದು ಇರುವುದಿಲ್ಲ. ಸೆಲೆಕ್ಟ್ ಸ್ಟಾರ್ ಬರೆಯುವ ಅಭ್ಯಾಸದವರು ಎಡವುವುದು ಇಲ್ಲೇ: ಮೊದಲ ಕಾಲಮ್ ಐಡಿ, ಹಾಗಾಗಿ ನೂರು ಸಾಲಿಗೆ ನೂರು ಗುಂಪು, ಪ್ರತಿ ಗುಂಪಿನಲ್ಲೂ ಒಂದೇ ಸಾಲು. 'ಸೆಲೆಕ್ಟ್ ವಿಭಾಗ, ಪುಸ್ತಕ.ಸ್ಟಾರ್' ಎಂದು ಬರೆದರೆ ಎರಡೂ ಸಮಸ್ಯೆ ಒಟ್ಟಿಗೇ ಪರಿಹಾರ. ಮೊದಲ ವಿಭಾಗ ಕೀ ಆಗುತ್ತದೆ, ಸ್ಟಾರ್‌ನಲ್ಲಿ ಬಂದ ವಿಭಾಗ ಸಾಲಿನೊಳಗೇ ಉಳಿಯುತ್ತದೆ. ಜಾಯಿನ್ ಇದ್ದರೆ ಇನ್ನೊಂದು ಎಚ್ಚರ: ಎರಡು ಟೇಬಲ್‌ಗಳಲ್ಲೂ ಐಡಿ ಇದ್ದಾಗ ಫೆಚ್ ಅಸೋಕ್‌ನಲ್ಲಿ ಕೊನೆಯದು ಮೊದಲಿನದನ್ನು ಸದ್ದಿಲ್ಲದೆ ನುಂಗುತ್ತದೆ. ಅಲಿಯಾಸ್ ಕೊಟ್ಟೇ ಬರೆಯಿರಿ.

ಈಗ ಸಾರ್ಟ್. ಫೆಚ್ ಗ್ರೂಪ್ ಏನನ್ನೂ ಸಾರ್ಟ್ ಮಾಡುವುದಿಲ್ಲ. ಯಾವ ವಿಭಾಗದ ಸಾಲು ಮೊದಲು ಬಂತೋ ಆ ಗುಂಪು ಮೇಲೆ, ಅಷ್ಟೇ ಅದರ ನಿಯಮ. ಪಿಎಚ್‌ಪಿ ಅರೇ ತುಂಬಿದ ಕ್ರಮವನ್ನೇ ಉಳಿಸಿಕೊಳ್ಳುವುದರಿಂದ ಆರ್ಡರ್ ಬೈ ಒಂದೇ ಸಾಕು, ಗುಂಪುಗಳ ಕ್ರಮವನ್ನೂ ಗುಂಪಿನೊಳಗಿನ ಕ್ರಮವನ್ನೂ ಅದೇ ನಿರ್ಧರಿಸುತ್ತದೆ. ಇದೊಂದು ಅನುಕೂಲವೂ ಹೌದು: ಬರೀ 'ಆರ್ಡರ್ ಬೈ ವರ್ಷ ಡೆಸ್ಕ್' ಎಂದು ಬರೆದರೆ ತೀರಾ ಹೊಸ ಪುಸ್ತಕ ಇರುವ ವಿಭಾಗ ತಾನಾಗಿಯೇ ಮೇಲಕ್ಕೆ ಬರುತ್ತದೆ, ತಲೆಬರಹವೂ ಎರಡೆರಡು ಸಲ ಬರುವುದಿಲ್ಲ. ಹಳೆಯ ಹೋಲಿಕೆಯ ಲೂಪಿನಲ್ಲಿ ಇದೇ ಕ್ವೆರಿ ಹಾಕಿದ್ದರೆ 'ಇತಿಹಾಸ', 'ವಿಜ್ಞಾನ', ಮತ್ತೆ 'ಇತಿಹಾಸ' ಎಂದು ತಲೆಬರಹ ಪುನರಾವರ್ತನೆ ಆಗುತ್ತಿತ್ತು.

ಹೆಚ್ಚು ಫಲಿತಾಂಶ ಸಿಕ್ಕ ವಿಭಾಗ ಮೊದಲು ಬರಬೇಕೆಂದರೆ ಕೌಂಟ್ ಅನ್ನು ವಿಂಡೋ ಫಂಕ್ಷನ್ ಆಗಿ, ಅಂದರೆ ಸಾಲುಗಳನ್ನು ಒಂದಾಗಿಸದೆ ಪ್ರತಿ ಸಾಲಿಗೂ ಗುಂಪಿನ ಲೆಕ್ಕ ಕೊಡುವಂತೆ, ಬಳಸಿ: 'ಕೌಂಟ್(ಸ್ಟಾರ್) ಓವರ್ (ಪಾರ್ಟಿಷನ್ ಬೈ ವಿಭಾಗ) ಆಸ್ ಒಟ್ಟು', ಆಮೇಲೆ 'ಆರ್ಡರ್ ಬೈ ಒಟ್ಟು ಡೆಸ್ಕ್, ವಿಭಾಗ, ಶೀರ್ಷಿಕೆ'. ನಡುವಿನ 'ವಿಭಾಗ' ಬಿಡಬೇಡಿ. ಎರಡು ವಿಭಾಗಗಳ ಒಟ್ಟು ಸಮ ಆದಾಗ ಅದೇ ಆಧಾರ. ಕ್ವೆರಿಯಲ್ಲಿ ಲಿಮಿಟ್ ಇದ್ದರೂ ಈ ಒಟ್ಟು ಪೂರ್ತಿ ಫಲಿತಾಂಶದ್ದೇ, ಏಕೆಂದರೆ ಲಿಮಿಟ್ ಅನ್ವಯವಾಗುವುದು ವಿಂಡೋ ಫಂಕ್ಷನ್ ಲೆಕ್ಕ ಮುಗಿದಮೇಲೆ. ತಲೆಬರಹದ ಪಕ್ಕ 'ಇತಿಹಾಸ (42)' ಎಂದು ತೋರಿಸಲು ಇನ್ನೊಂದು ಕ್ವೆರಿ ಬೇಡ.

ಕ್ವೆರಿಯಲ್ಲಿ ಮಾಡದೆ ಪಿಎಚ್‌ಪಿಯಲ್ಲೇ ಸಾರ್ಟ್ ಮಾಡುತ್ತೇನೆ ಎನ್ನುವವರು ಹೊರಗಿನ ಅರೇಗೆ ಸಾರ್ಟ್ ಅಥವಾ ಯೂಸಾರ್ಟ್ ಹಾಕಲೇಬಾರದು. ಅವು ಕೀ ಕಿತ್ತು ಹಾಕಿ 0, 1, 2 ಕೊಡುತ್ತವೆ. ವಿಭಾಗದ ಹೆಸರು ಹೋಯಿತು. ಕೆಸಾರ್ಟ್, ಯುಕೆಸಾರ್ಟ್, ಯುಎಸಾರ್ಟ್‌ನಂಥ ಕೀ ಉಳಿಸುವವು ಮಾತ್ರ ಸುರಕ್ಷಿತ. ಪಿಎಚ್‌ಪಿ 8.0ರಿಂದ ಸಾರ್ಟ್ ಸ್ಥಿರವಾಗಿದೆ, ಅಂದರೆ ಸಮಾನ ಸಾಲುಗಳು ತಮ್ಮ ಮೂಲ ಕ್ರಮ ಬಿಡುವುದಿಲ್ಲ. ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ ಆ ಖಾತರಿ ಇರಲಿಲ್ಲ.

ಕೀಗಳ ವಿಚಾರದಲ್ಲಿ ಈ ಫ್ಲ್ಯಾಗ್ ಸ್ವಲ್ಪ ಒರಟು. ವಿಭಾಗ ನಲ್ ಇದ್ದರೆ ಕೀ ಖಾಲಿ ಸ್ಟ್ರಿಂಗ್ ಆಗುತ್ತದೆ; ಖಾಲಿ ಸ್ಟ್ರಿಂಗ್ ಇರುವ ಸಾಲುಗಳೂ ಅದೇ ಗುಂಪಿಗೆ ಬಂದು ಬೀಳುತ್ತವೆ. ಗ್ರೂಪ್ ಬೈ ಇವೆರಡನ್ನೂ ಬೇರೆಬೇರೆ ಎಣಿಸುವುದರಿಂದ ಎಣಿಕೆ ತಾಳೆಯಾಗುವುದಿಲ್ಲ. 'ಕೋಅಲೆಸ್(ನಲ್ಇಫ್(ವಿಭಾಗ, ಖಾಲಿ), ಇತರೆ) ಆಸ್ ಗುಂಪು' ಎಂದು ಕ್ವೆರಿಯಲ್ಲೇ ಸರಿಪಡಿಸಿಬಿಡಿ. ಅಲಿಯಾಸ್‌ಗೆ ಬೇಕಂತಲೇ ಬೇರೆ ಹೆಸರು ಕೊಟ್ಟಿದ್ದೇನೆ: ಮೈಎಸ್‌ಕ್ಯೂಎಲ್ ಆರ್ಡರ್ ಬೈನಲ್ಲಿ ಮೊದಲು ಅಲಿಯಾಸನ್ನೇ ಹುಡುಕುತ್ತದೆ. ಅದಕ್ಕೂ ವಿಭಾಗ ಎಂದೇ ಹೆಸರಿಟ್ಟರೆ, 'ನಲ್ಇಫ್(ವಿಭಾಗ, ಖಾಲಿ) ಈಸ್ ನಲ್' ಎಂದು ಬರೆದು ಇತರೆಯನ್ನು ಕೊನೆಗೆ ತಳ್ಳುವ ಉಪಾಯದಲ್ಲಿ ವಿಭಾಗ ಎಂದರೆ ಕಾಲಮ್ಮೋ ಅಲಿಯಾಸೋ ಎಂಬ ಗೊಂದಲ. ಮೈಎಸ್‌ಕ್ಯೂಎಲ್‌ನಲ್ಲಿ ಏರಿಕೆ ಕ್ರಮದಲ್ಲಿ ನಲ್ ಯಾವಾಗಲೂ ಮೊದಲು, ನಲ್ಸ್ ಲಾಸ್ಟ್ ಎಂಬ ಸೌಲಭ್ಯವೂ ಇಲ್ಲ, ಹಾಗಾಗಿ ಈ ಉಪಾಯ ಬೇಕೇ ಬೇಕು.

ವರ್ಷದ ಮೇಲೆ ಗುಂಪು ಮಾಡಿದರೆ '2019' ಎಂಬ ಕೀ ಪೂರ್ಣಾಂಕವಾಗಿ ಬದಲಾಗುತ್ತದೆ. ತೋರಿಸುವುದಕ್ಕೆ ತೊಂದರೆ ಇಲ್ಲ. ಆದರೆ ಎರಡು ಕ್ವೆರಿಗಳ ಗುಂಪುಗಳನ್ನು ಅರೇ ಮರ್ಜ್‌ನಿಂದ ಸೇರಿಸಿದರೆ ಪೂರ್ಣಾಂಕದ ಕೀಗಳಿಗೆಲ್ಲ ಹೊಸ ಸಂಖ್ಯೆ ಬಿದ್ದು 2019 ಇದ್ದ ಜಾಗದಲ್ಲಿ 0 ಕೂತಿರುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಕೊಲೇಷನ್, ಅಂದರೆ ಡೇಟಾಬೇಸ್ ಅಕ್ಷರಗಳನ್ನು ಹೋಲಿಸುವ ನಿಯಮ. ಮೈಎಸ್‌ಕ್ಯೂಎಲ್ 8ರ ಡೀಫಾಲ್ಟ್ ಕೊಲೇಷನ್ ಇಂಗ್ಲಿಷಿನ ದೊಡ್ಡಕ್ಷರ-ಚಿಕ್ಕಕ್ಷರ ಭೇದ ಮಾಡುವುದಿಲ್ಲ. ಪಿಎಚ್‌ಪಿ ಅರೇ ಮಾಡುತ್ತದೆ. ಗ್ರೂಪ್ ಬೈ ಹಾಕಿದ ಎಣಿಕೆಯಲ್ಲಿ ಒಂದು ಗುಂಪು, ಫೆಚ್ ಗ್ರೂಪ್‌ನಲ್ಲಿ ಎರಡು ಎಂದಾದರೆ ಮೊದಲು ನೋಡಬೇಕಾದ್ದು ಇದನ್ನೇ. ಕೊನೆಯಲ್ಲಿ ಸೇರಿಕೊಂಡ ಸ್ಪೇಸ್ ಕೂಡ ಇದೇ ಜಾತಿಯದು: ಹಳೆಯ ಕೊಲೇಷನ್‌ಗಳು ಅದನ್ನು ಲೆಕ್ಕಿಸುತ್ತಿರಲಿಲ್ಲ, ಮೈಎಸ್‌ಕ್ಯೂಎಲ್ 8ರ 0900 ಸರಣಿಯವು ಲೆಕ್ಕಿಸುತ್ತವೆ. ಡೇಟಾ ತುಂಬುವಾಗಲೇ ಟ್ರಿಮ್ ಮಾಡಿದ್ದರೆ ಒಳ್ಳೆಯದು. ಅದಕ್ಕಿಂತ ಒಳ್ಳೆಯದು ವಿಭಾಗಕ್ಕೆ ಪ್ರತ್ಯೇಕ ಟೇಬಲ್ ಇಟ್ಟು, ವಿಭಾಗದ ಐಡಿ ಮೇಲೆ ಗುಂಪು ಮಾಡಿ, ಹೆಸರನ್ನು ಗುಂಪಿನ ಮೊದಲ ಸಾಲಿನಿಂದ ಓದುವುದು.

ಇದರ ಜೊತೆಗಾರ ಫ್ಲ್ಯಾಗ್‌ಗಳನ್ನು ಬೇಗ ಮುಗಿಸಿಬಿಡೋಣ. ಸೆಲೆಕ್ಟ್‌ನಲ್ಲಿ ವಿಭಾಗ, ಶೀರ್ಷಿಕೆ ಎರಡನ್ನೇ ಬರೆದು ಫೆಚ್ ಗ್ರೂಪ್ ಜೊತೆ ಫೆಚ್ ಕಾಲಮ್ ಸೇರಿಸಿದರೆ ವಿಭಾಗದೊಳಗೆ ಬರೀ ಶೀರ್ಷಿಕೆಗಳ ಪಟ್ಟಿ. ಮೆನುಗೆ ಹೇಳಿ ಮಾಡಿಸಿದಂತಿದೆ. ಫೆಚ್ ಕೀ ಪೇರ್‌ಗೆ ಕರಾರುವಾಕ್ಕಾಗಿ ಎರಡೇ ಕಾಲಮ್ ಬೇಕು, ಮೂರಾದರೆ ಎರರ್. ಫೆಚ್ ಯುನೀಕ್ ಅನ್ನು ಗುಂಪು ಮಾಡಲು ಬಳಸಬೇಡಿ: ಅದೇ ಕೀ ಮತ್ತೆ ಬಂದರೆ ಹಿಂದಿನ ಸಾಲು ಅಳಿಸಿ ಹೊಸದು ಕೂರುತ್ತದೆ, ಎರರ್ ಬರುವುದಿಲ್ಲ.

ಬಳಕೆದಾರರೇ ಕಾಲಮ್ ತಲೆಯ ಮೇಲೆ ಕ್ಲಿಕ್ ಮಾಡಿ ಸಾರ್ಟ್ ಬದಲಿಸುವ ಪುಟಗಳಲ್ಲಿ ಪಿಡಿಒ ಕೈ ಕೊಡುವ ಜಾಗ ಬೇರೆ. 'ಆರ್ಡರ್ ಬೈ ?' ಎಂದು ಬರೆದು ಕಾಲಮ್ ಹೆಸರನ್ನು ಬೈಂಡ್ ಮಾಡಿದರೆ ಕ್ವೆರಿ ಓಡುತ್ತದೆ, ಎರರ್ ಇಲ್ಲ, ಸಾರ್ಟೂ ಇಲ್ಲ. ಬೈಂಡ್ ಆದದ್ದು ಹೆಸರಲ್ಲ, ಒಂದು ಸ್ಥಿರ ಸ್ಟ್ರಿಂಗ್. ಎಲ್ಲ ಸಾಲಿಗೂ ಅದೇ ಬೆಲೆ, ಇನ್ನು ಸಾರ್ಟ್ ಮಾಡುವುದೇನನ್ನು? ಹಾಗೆಂದು ಯುಆರ್‌ಎಲ್‌ನಲ್ಲಿ ಬಂದದ್ದನ್ನು ನೇರ ಕ್ವೆರಿಗೆ ಅಂಟಿಸಿದರೆ ಇಂಜೆಕ್ಷನ್‌ಗೆ (ಹೊರಗಿನವರು ಕ್ವೆರಿಯೊಳಗೆ ತಮ್ಮ ಆಜ್ಞೆ ತೂರಿಸುವ ದಾಳಿಗೆ) ಬಾಗಿಲು ತೆರೆದಂತೆ. ಸರಿಯಾದ ದಾರಿ, ಅನುಮತಿ ಇರುವ ಕಾಲಮ್‌ಗಳ ಸಣ್ಣ ಅರೇ: ಯುಆರ್‌ಎಲ್‌ನ 'ಹೊಸದು' ಎಂಬ ಕೀಗೆ 'ವರ್ಷ ಡೆಸ್ಕ್, ಐಡಿ ಡೆಸ್ಕ್' ಎಂಬ ಪೂರ್ತಿ ತುಣುಕು, 'ಹೆಸರು' ಎಂಬುದಕ್ಕೆ 'ಶೀರ್ಷಿಕೆ, ಐಡಿ'. ಕೀ ಪಟ್ಟಿಯಲ್ಲಿ ಇಲ್ಲದಿದ್ದರೆ ಡೀಫಾಲ್ಟ್.

ಲಿಮಿಟ್‌ಗೂ ಇಂಥದ್ದೇ ಒಂದು ಕಾಟ. ಪಿಡಿಒದ ಮೈಎಸ್‌ಕ್ಯೂಎಲ್ ಡ್ರೈವರ್‌ನಲ್ಲಿ ಎಮ್ಯುಲೇಟೆಡ್ ಪ್ರಿಪೇರ್, ಅಂದರೆ ಬೆಲೆಗಳನ್ನು ಪಿಡಿಒ ತಾನೇ ಕ್ವೆರಿಯಲ್ಲಿ ತುಂಬಿ ಕಳಿಸುವ ಪದ್ಧತಿ, ಡೀಫಾಲ್ಟ್ ಆಗಿ ಆನ್ ಇರುತ್ತದೆ. ಎಕ್ಸಿಕ್ಯೂಟ್‌ಗೆ ಅರೇ ಕೊಟ್ಟರೆ ಎಲ್ಲವೂ ಸ್ಟ್ರಿಂಗ್. ಲಿಮಿಟ್ 10ರ ಬದಲು ಕೋಟ್ ಸಮೇತ '10' ಹೋಗಿ 1064 ಸಿಂಟ್ಯಾಕ್ಸ್ ಎರರ್. ಬೈಂಡ್‌ವ್ಯಾಲ್ಯೂನಲ್ಲಿ ಪ್ಯಾರಮ್ ಇಂಟ್ ಕೊಡಿ, ಇಲ್ಲವೇ ಎಮ್ಯುಲೇಷನ್ ಆಫ್ ಮಾಡಿ. ಪಿಎಚ್‌ಪಿ 8.0ಕ್ಕಿಂತ ಹಿಂದೆ ಪಿಡಿಒದ ಎರರ್ ಮೋಡ್ ಡೀಫಾಲ್ಟ್ ಆಗಿ ಮೌನ ವ್ರತದಲ್ಲಿರುತ್ತಿತ್ತು, ಖಾಲಿ ಪುಟ ನೋಡಿ ತಲೆ ಕೆಡಿಸಿಕೊಳ್ಳಬೇಕಿತ್ತು. ಈಗ ಎಕ್ಸೆಪ್ಷನ್ ಬರುತ್ತದೆ.

ಪುಟ ವಿಂಗಡಣೆಯೇ ಇದರ ನಿಜವಾದ ಮಿತಿ. ಲಿಮಿಟ್ ಎಣಿಸುವುದು ಸಾಲುಗಳನ್ನು, ಗುಂಪುಗಳನ್ನಲ್ಲ. ಪುಟಕ್ಕೆ 20 ಸಾಲು ಎಂದರೆ 'ಇತಿಹಾಸ' ಗುಂಪಿನ ಹನ್ನೆರಡು ಪುಸ್ತಕ ಮೊದಲ ಪುಟದಲ್ಲಿ, ಉಳಿದವು ಎರಡನೆಯದರಲ್ಲಿ. ಪುಟಕ್ಕೆ ಐದು ಗುಂಪು ಪೂರ್ತಿಯಾಗಿ ಬೇಕಿದ್ದರೆ, ಮೊದಲು ಗುಂಪುಗಳನ್ನು ಆರಿಸುವ ಸಬ್‌ಕ್ವೆರಿ ಬರೆಯಿರಿ: ಅದೇ ಹುಡುಕಾಟದ ಷರತ್ತು, ಗ್ರೂಪ್ ಬೈ ವಿಭಾಗ, ಆರ್ಡರ್ ಬೈ ವಿಭಾಗ, ಲಿಮಿಟ್ 5. ಇದನ್ನು ಫ್ರಮ್ ಒಳಗೆ ಡಿರೈವ್ಡ್ ಟೇಬಲ್ ಆಗಿಟ್ಟು ಪುಸ್ತಕ ಟೇಬಲ್‌ಗೆ ಜಾಯಿನ್ ಮಾಡಬೇಕು. ಇನ್ ಒಳಗೆ ಲಿಮಿಟ್ ಇರುವ ಸಬ್‌ಕ್ವೆರಿಯನ್ನು ಮೈಎಸ್‌ಕ್ಯೂಎಲ್ ಒಪ್ಪುವುದಿಲ್ಲ, 1235 ಎರರ್ ಕೊಡುತ್ತದೆ. ಹುಡುಕಾಟದ ಷರತ್ತು ಒಳಗೂ ಹೊರಗೂ ಎರಡೂ ಕಡೆ ಬೇಕು. ಹೊರಗೆ ಬಿಟ್ಟರೆ ಆ ಐದು ವಿಭಾಗಗಳ ಎಲ್ಲ ಪುಸ್ತಕಗಳೂ ಬಂದುಬಿಡುತ್ತವೆ.

ಪ್ರತಿ ಗುಂಪಿನಿಂದ ಮೊದಲ ಮೂರು ಮಾತ್ರ ತೋರಿಸಿ 'ಇನ್ನಷ್ಟು' ಕೊಂಡಿ ಕೊಡುವ ವಿನ್ಯಾಸಕ್ಕೆ ಗುಂಪಿನೊಳಗೆ ಸಾಲುಗಳಿಗೆ 1, 2, 3 ಎಂದು ಸಂಖ್ಯೆ ಕೊಡುವ ರೋ ನಂಬರ್ ಇದೆ: 'ರೋ_ನಂಬರ್() ಓವರ್ (ಪಾರ್ಟಿಷನ್ ಬೈ ವಿಭಾಗ ಆರ್ಡರ್ ಬೈ ವರ್ಷ ಡೆಸ್ಕ್, ಐಡಿ) ಆಸ್ ಕ್ರಮ'. ಇದನ್ನು ಅದೇ ಹಂತದ ವೇರ್‌ನಲ್ಲಿ ಬಳಸಲಾಗದು, ಹೊರಗೆ ಇನ್ನೊಂದು ಸೆಲೆಕ್ಟ್ ಸುತ್ತಿ 'ವೇರ್ ಕ್ರಮ <= 3' ಎನ್ನಬೇಕು. ಹೊರಗಿನ ಸೆಲೆಕ್ಟ್‌ಗೆ ಪ್ರತ್ಯೇಕ ಆರ್ಡರ್ ಬೈ ಬೇಕು; ಒಳಗಿನದು ಹೊರಗೂ ಉಳಿಯುತ್ತದೆ ಎಂದು ನಂಬಬೇಡಿ. ಸಾಲುಗಳ ಆರ್ಡರ್ ಬೈ ಬಾಲದಲ್ಲಿ ಐಡಿ ಇಡುವುದೂ ಇದಕ್ಕೇ ಸೇರಿದ್ದು: ಒಂದೇ ವರ್ಷದ ಪುಸ್ತಕಗಳು ಹಲವಿದ್ದು ಐಡಿ ಇಲ್ಲದಿದ್ದರೆ ಅವುಗಳ ನಡುವಿನ ಕ್ರಮಕ್ಕೆ ಖಾತರಿ ಇಲ್ಲ, ಒಂದೇ ಪುಸ್ತಕ ಎರಡು ಪುಟದಲ್ಲಿ ಕಂಡು ಇನ್ನೊಂದು ಎಲ್ಲೂ ಕಾಣದೆ ಹೋಗಬಹುದು.

ಫೆಚ್ ಗ್ರೂಪ್ ಬಿಟ್ಟು ಗ್ರೂಪ್ ಬೈನಲ್ಲೇ ಎಲ್ಲ ಮುಗಿಸಲು ಹೊರಟವರಿಗೆ ಅಲ್ಲೂ ಹೂವಿನ ಹಾಸಿಗೆ ಇಲ್ಲ. ಗುಂಪಿಗೆ ಸೇರದ ಕಾಲಮ್ ಸೆಲೆಕ್ಟ್‌ನಲ್ಲಿ ಇದ್ದರೆ ಮೈಎಸ್‌ಕ್ಯೂಎಲ್ 5.7ರಿಂದ ಈಚೆಗೆ 1055 ಎರರ್. ಎಸ್‌ಕ್ಯೂಎಲ್ ಮೋಡ್‌ನಿಂದ ಆ ನಿಯಮ ತೆಗೆದುಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅದು ಕೆಟ್ಟ ಸಲಹೆ. ತೆಗೆದರೆ ಗುಂಪಿನ ಯಾವುದೋ ಸಾಲಿನ ಶೀರ್ಷಿಕೆ ಬರುತ್ತದೆ, ಯಾವುದೆಂದು ಹೇಳಲಾಗದು. ಗ್ರೂಪ್ ಬೈ ಮಾಡಿದರೆ ಸಾರ್ಟ್ ಉಚಿತವಾಗಿ ಸಿಗುತ್ತಿದ್ದ ಕಾಲವೂ 8.0ಕ್ಕೆ ಮುಗಿಯಿತು. ಶೀರ್ಷಿಕೆಗಳನ್ನೆಲ್ಲ ಗ್ರೂಪ್ ಕನ್‌ಕ್ಯಾಟ್‌ನಲ್ಲಿ ಪೋಣಿಸಿ ಪಿಎಚ್‌ಪಿಯಲ್ಲಿ ಎಕ್ಸ್‌ಪ್ಲೋಡ್ ಮಾಡುವವರೂ ಇದ್ದಾರೆ. ಅದರ ಡೀಫಾಲ್ಟ್ ಮಿತಿ 1024 ಬೈಟ್. ಕನ್ನಡದ ಅಕ್ಷರ, ಕಾಗುಣಿತದ ಚಿಹ್ನೆ, ಒಂದೊಂದಕ್ಕೂ ಮೂರು ಬೈಟ್. ಉದ್ದ ಶೀರ್ಷಿಕೆಗಳಾದರೆ ಹತ್ತು-ಹದಿನೈದಕ್ಕೇ ಪಟ್ಟಿ ಕತ್ತರಿಸಿಹೋಗುತ್ತದೆ, ಸಿಗುವುದು ಒಂದು ವಾರ್ನಿಂಗ್ ಮಾತ್ರ, ಅದನ್ನು ಪಿಡಿಒ ನಿಮಗೆ ತೋರಿಸುವುದಿಲ್ಲ.

ಯಾರಿಗೆ ಬೇಡ ಎಂದರೆ, ಎರಡು ಹಂತದ ಗುಂಪು ಬೇಕಾದವರಿಗೆ. ವಿಭಾಗದೊಳಗೆ ವರ್ಷ ಎಂಬಂಥ ಜೋಡಣೆಯನ್ನು ಈ ಫ್ಲ್ಯಾಗ್ ಮಾಡುವುದಿಲ್ಲ. ಸಾದಾ ಫಾರ್‌ಈಚ್ ಒಳಗೆ ಎರಡು ಕೀ ಇಟ್ಟು ಸಾಲು ಸೇರಿಸುವ ಒಂದೇ ಸಾಲಿನ ಕೋಡ್ ಅದಕ್ಕಿಂತ ಚೊಕ್ಕ. ಹತ್ತಾರು ಸಾವಿರ ಸಾಲುಗಳ ಎಕ್ಸ್‌ಪೋರ್ಟ್‌ಗೂ ಬೇಡ, ಏಕೆಂದರೆ ಫೆಚ್‌ಆಲ್ ಎಲ್ಲವನ್ನೂ ಒಟ್ಟಿಗೆ ಮೆಮೊರಿಗೆ ಎಳೆಯುತ್ತದೆ. ಅಲ್ಲಿ ಬಫರ್ಡ್ ಕ್ವೆರಿ (ಫಲಿತಾಂಶವನ್ನೆಲ್ಲ ಮೊದಲೇ ಪಿಎಚ್‌ಪಿ ಕಡೆಗೆ ತಂದಿಡುವುದು) ಆಫ್ ಮಾಡಿ, ವಿಭಾಗದ ಮೇಲೆ ಸಾರ್ಟ್ ಮಾಡಿ, ಅದೇ ಹಳೆಯ ಹೋಲಿಕೆಯ ಲೂಪ್ ಓಡಿಸುವುದೇ ವಾಸಿ. ಬಫರ್ ಆಫ್ ಇರುವಾಗ ಆ ಕ್ವೆರಿಯ ಸಾಲುಗಳೆಲ್ಲ ಓದಿ ಮುಗಿಯುವವರೆಗೆ ಅದೇ ಕನೆಕ್ಷನ್‌ನಲ್ಲಿ ಇನ್ನೊಂದು ಕ್ವೆರಿ ಓಡುವುದಿಲ್ಲ, ಆದ್ದರಿಂದ ಲೂಪಿನೊಳಗೆ ಲೇಖಕರ ಹೆಸರು ತರುವಂಥ ಕ್ವೆರಿ ಇದ್ದರೆ ಅದನ್ನು ಮೊದಲೇ ಜಾಯಿನ್‌ಗೆ ಸೇರಿಸಿಕೊಳ್ಳಿ.